ನಿಗಾ ಇರಲಿ

(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಕವಿರಾಜಮಾರ್ಗ, ಇವುಗಳಲ್ಲಿ ಒಂದಾದರೂ ಇರಬೇಕು ಎನ್ನುವುದು ನಮ್ಮಲ್ಲಿ ರೂಢಿ. ನನ್ನನ್ನು ಕರೆಯಲು ಬಂದವರು ಮಾತ್ರ ‘ನಿಮ್ಮ ಕಸುಬಿನದೇ ಏನಾದರೂ ಹೇಳಿ’ ಅಂದರು. ನನ್ನ ಕಸುಬು ಕೇಬಲ್ಲು. ದೂರವಾಣಿ ಇಲಾಖೆಯಲ್ಲಿ ಈ ಊರಿನ ರಸ್ತೆ ಅಗೆಸಿ, ತಂತಿ ಹಾಸಿಸಿ, ಮತ್ತೆ ಅಗೆಸಿ ನಿವೃತ್ತನಾದವನು ನಾನು. ನಿವೃತ್ತಿಯ ಮೇಲೆ ನಮ್ಮ ಅಪಾರ್ಟ್‌ಮೆಂಟಿನವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಹಾಗಾಗಿ ಹಳೆಯ ಕೇಬಲ್ಲು ಬಿಟ್ಟರೂ ಕ್ಯಾಮೆರಾದ ಕೇಬಲ್ಲು ಕೊರಳಿಗೆ ಬಿತ್ತು. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಒಂದು ಪದ. ಇಲ್ಲಿನ ತೆಲುಗು ಪತ್ರಿಕೆಗಳು ಸಿಸಿ ಕ್ಯಾಮೆರಾಗಳನ್ನು ‘ನಿಘಾ ನೇತ್ರಾಲು’ ಎಂದು ಬರೆಯುತ್ತವೆ. ನಿಘಾ ಎಂದರೆ ಅವರಿಗೆ ಬೇಹು, ಪಹರೆ, ಸಂಶಯದ ನೋಟ. ಪಾರಸಿಯ ‘ನಿಗಾಹ್’ ಎಂಬ ಪದ ಇದು; ಬರೀ ‘ನೋಟ’ ಎಂದು ಅರ್ಥ. ಅದೇ ಪದ ನಮ್ಮಲ್ಲಿಗೂ ಬಂದಿದೆ. ಆದರೆ ನಾವು ಅದನ್ನು ಎಲ್ಲಿಟ್ಟಿದ್ದೇವೆ ನೋಡಿ: ‘ಮಗುವಿನ ಮೇಲೆ ಸ್ವಲ್ಪ ನಿಗಾ ಇರಲಿ’, ‘ಹಾಲು ಉಕ್ಕೀತು, ನಿಗಾ ಇಡು’, ‘ತೀವ್ರ ನಿಗಾ ಘಟಕ’. ನೋಡುವವನಿಗೆ ನೋಡಿಸಿಕೊಳ್ಳುವವರ ಕಾಳಜಿ ಇದೆ ಎಂಬ ನಂಬಿಕೆ ಆ ಬಳಕೆಯೊಳಗೇ ಕೂತಿದೆ. ಕೃಷ್ಣಾ ನದಿಯ ಈಚೆ ಸಂಶಯವಾದದ್ದು ಆಚೆ ಆರೈಕೆಯಾಯಿತು. ಕ್ಯಾಮೆರಾ ಮಾರುವ ಅಂಗಡಿಯವನು ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮಾರುತ್ತಾನೆ. ಡಬ್ಬಿ ಬಿಚ್ಚಿದಾಗ ಯಾವುದು ಹೊರಬರುತ್ತದೆ ಎಂಬುದೇ ನನಗೆ ಕುತೂಹಲ.

ಆರೈಕೆಯ ಕತೆ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಕಡೆಯ ಬಸ್ಸಿನ ಕತೆ. 2018ರ ಜುಲೈ ಮೊದಲ ವಾರ. ಇಲ್ಲೇ ಕೋಠಿಯ ಸರ್ಕಾರಿ ಹೆರಿಗೆ ಆಸ್ಪತ್ರೆಯಿಂದ ಆರು ದಿನದ ಹೆಣ್ಣು ಮಗುವನ್ನು ಒಬ್ಬಳು ತಾಯಿಗೆ ನಂಬಿಕೆ ಹುಟ್ಟಿಸಿ ಎತ್ತಿಕೊಂಡು ಹೋದಳು. ಪೊಲೀಸರು ದಾರಿಯ ಕ್ಯಾಮೆರಾಗಳನ್ನು ಒಂದೊಂದಾಗಿ ತಿರುವಿ ಹಾಕುತ್ತ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಬಂದರು. ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು ಬೀದರ್ ಬಸ್ ಹತ್ತಿದ್ದು ಅಲ್ಲಿ ಕಂಡಿತು. ಮಾರನೆಯ ದಿನವೇ ಮಗು ಬೀದರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಿತು. ಕ್ಯಾಮೆರಾ ಇರದಿದ್ದರೆ ಅದು ಯಾವ ಬಸ್ಸು ಎಂದು ಯಾರು ಹೇಳುತ್ತಿದ್ದರು? ಇಮ್ಲಿಬನ್‌ನಿಂದ ಎಷ್ಟು ಊರಿಗೆ ಬಸ್ಸು ಹೊರಡುತ್ತದೆ ಎಂದು ನಿಮಗೇ ಗೊತ್ತು. ಕ್ಯಾಮೆರಾ ಬೇಡವೇ ಬೇಡ ಎನ್ನುವವರ ಮುಂದೆ ನಾನು ಈ ಮಗುವನ್ನು ಇಡುತ್ತೇನೆ. ಆದರೆ ಒಂದು ಸಂಗತಿ ಗಮನಿಸಿ. ಕ್ಯಾಮೆರಾ ಹೇಳಿದ್ದು ಬಸ್ಸಿನ ದಿಕ್ಕು ಮಾತ್ರ. ಬೀದರಿಗೆ ಓಡಿದ್ದು ಕಾಲಿದ್ದ ಮನುಷ್ಯರು.

ನಮ್ಮ ಊರಿಗೆ ಇಷ್ಟು ಕ್ಯಾಮೆರಾ ಬಂದದ್ದು ಭಯದ ದಾರಿಯಿಂದ. 2007ರ ಮೇ 18ರ ಶುಕ್ರವಾರ ಮೆಕ್ಕಾ ಮಸೀದಿಯಲ್ಲಿ ಬಾಂಬ್ ಸ್ಫೋಟ. ಅದೇ ವರ್ಷ ಆಗಸ್ಟ್ 25ರ ಸಂಜೆ ಲುಂಬಿನಿ ಪಾರ್ಕು ಮತ್ತು ಕೋಠಿಯ ಗೋಕುಲ್ ಚಾಟ್. ಆ ಸಂಜೆಯೊಂದರಲ್ಲೇ ನಲವತ್ತಕ್ಕೂ ಹೆಚ್ಚು ಜನ ಹೋದರು. ಆಮೇಲೆ 2013ರ ಫೆಬ್ರುವರಿ 21ರಂದು ದಿಲ್‌ಸುಖ್‌ನಗರದ ಜೋಡಿ ಸ್ಫೋಟ: 18 ಸಾವು, ನೂರಕ್ಕೂ ಹೆಚ್ಚು ಜನಕ್ಕೆ ಗಾಯ. ಅದೇ ವರ್ಷ ಆಗಿನ ಆಂಧ್ರ ಪ್ರದೇಶ ಸಾರ್ವಜನಿಕ ಸುರಕ್ಷತೆಯ ಕಾಯ್ದೆ ತಂದಿತು. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗ ಯಾವುದೇ ಇರಲಿ, ಅಂಗಡಿ, ಆಸ್ಪತ್ರೆ, ಶಾಲೆ, ಗುಡಿ, ಅಲ್ಲಿ ಮಾಲೀಕನೇ ತನ್ನ ದುಡ್ಡಿನಲ್ಲಿ ಕ್ಯಾಮೆರಾ ಹಾಕಿಸಬೇಕು, 30 ದಿನದ ದೃಶ್ಯ ಕಾಪಿಡಬೇಕು, ಪೊಲೀಸರು ಕೇಳಿದಾಗ ಕೊಡಬೇಕು. 2014ರ ಜೂನಿನಲ್ಲಿ ಹುಟ್ಟಿದ ತೆಲಂಗಾಣ ಆ ಕಾಯ್ದೆಯನ್ನು ತವರಿನ ಬಳುವಳಿಯಂತೆ ಜತೆಗೇ ತಂದುಕೊಂಡಿತು. ಇದನ್ನೇ ಹೋಲುವ ಕಾಯ್ದೆಯನ್ನು ಕರ್ನಾಟಕವೂ 2017ರಲ್ಲಿ ಮಾಡಿಕೊಂಡಿದೆ. ಊರ ಕಡೆ ಅಂಗಡಿ, ಛತ್ರ ಇರುವವರು ಕಿವಿಗೆ ಹಾಕಿಕೊಳ್ಳಿ.

ಆಮೇಲೆ ಬಂದದ್ದು ‘ನೇನು ಸೈತಂ’. ‘ನಾನು ಕೂಡ’ ಎಂದರ್ಥ. ಶ್ರೀಶ್ರೀ ಎಂಬ ಕ್ರಾಂತಿಯ ಕವಿಯ ಪದ್ಯದಿಂದ ತೆಲುಗರ ನಾಲಗೆಗೆ ಬಂದ ಮಾತು ಅದು. ಪೊಲೀಸರು ಅದನ್ನು ಕ್ಯಾಮೆರಾ ದೇಣಿಗೆಯ ಅಭಿಯಾನಕ್ಕೆ ಹೆಸರಿಟ್ಟರು. ಕವಿ ಇದ್ದಿದ್ದರೆ ಏನೆನ್ನುತ್ತಿದ್ದನೋ! ಕಾಲನಿಗಳು, ಅಂಗಡಿ ಸಾಲುಗಳು, ಅಪಾರ್ಟ್‌ಮೆಂಟುಗಳು ಚಂದಾ ಎತ್ತಿ ರಸ್ತೆಗೆ ಕ್ಯಾಮೆರಾ ಹಾಕಿಸಿದವು. ಪ್ರತಿ ಉದ್ಘಾಟನೆಯಲ್ಲೂ ಒಂದೇ ಮಾತು: ಒಂದು ಸಿಸಿ ಕ್ಯಾಮೆರಾ ನೂರು ಪೊಲೀಸರಿಗೆ ಸಮ. 2020ರ ಜನವರಿ 1ರ ಹೊತ್ತಿಗೆ ದೇಶದ ಪೊಲೀಸರ ಬಳಿ ಲೆಕ್ಕಕ್ಕೆ ಸಿಕ್ಕ ಕ್ಯಾಮೆರಾಗಳು ಸುಮಾರು 4.27 ಲಕ್ಷ, ಅದರಲ್ಲಿ ತೆಲಂಗಾಣದ್ದೇ ಸುಮಾರು 2.75 ಲಕ್ಷ. ಇದು ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಕೊಟ್ಟ ಲೆಕ್ಕ. ಆ ಲೆಕ್ಕದ ಮೂರು ಕ್ಯಾಮೆರಾಗಳಲ್ಲಿ ಹತ್ತಿರಹತ್ತಿರ ಎರಡು ನಮ್ಮ ಈ ಒಂದು ರಾಜ್ಯದಲ್ಲಿದ್ದವು! ಆ ಕಣ್ಣುಗಳನ್ನೆಲ್ಲ ಒಂದೆಡೆ ಕೂಡಿಸಲು ಬಂಜಾರಾ ಹಿಲ್ಸ್‌ನ 12ನೇ ರಸ್ತೆಯಲ್ಲಿ ಗಾಜಿನ ಗೋಪುರಗಳು ಎದ್ದವು. 2022ರ ಆಗಸ್ಟ್ 4ರಂದು ಆ ಕಮಾಂಡ್ ಕಂಟ್ರೋಲ್ ಕೇಂದ್ರದ ಉದ್ಘಾಟನೆ ಆಯಿತು. ಒಂದೇ ಸಲಕ್ಕೆ ಲಕ್ಷ ಕ್ಯಾಮೆರಾಗಳ ದೃಶ್ಯ ನೋಡುವ ಸಾಮರ್ಥ್ಯ ಎಂದು ಆಗ ಹೇಳಿದರು. ಲಕ್ಷ ದೃಶ್ಯ ನೋಡಲು ಎಷ್ಟು ಜನ ಕೂರಬೇಕು ಎಂಬ ಪ್ರಶ್ನೆ ಕೇಬಲ್ಲಿನವನಾದ ನನಗೆ ಆಗಲೇ ಬಂತು. ಉತ್ತರ ಮುಂದೆ ಬರುತ್ತದೆ.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಎಂಟು ಕ್ಯಾಮೆರಾ. ಮೂರು ರಸ್ತೆಗೆ, ಒಂದು ಲಿಫ್ಟಿಗೆ, ಒಂದು ಮಾಳಿಗೆಗೆ, ಉಳಿದ ಮೂರು ಸೆಲ್ಲಾರಿಗೆ. ಕೋಠಿಯ ಗುಜರಾತಿ ಗಲ್ಲಿಯಿಂದ ತಂದ ಮಾಲು. ಗುಜರಾತಿ ಗಲ್ಲಿ ನೋಡಿದವರಿಗೆ ಗೊತ್ತು: ಹೆಜ್ಜೆಗೊಂದು ಅಂಗಡಿ, ಹೊರಗೆ ತೋರಣದ ಹಾಗೆ ತೂಗುವ ಬುಲೆಟ್ ಕ್ಯಾಮೆರಾ, ಡೋಮ್ ಕ್ಯಾಮೆರಾ, ತ್ರೀ ಪ್ಲಸ್ ಒನ್ ಕೇಬಲ್ಲಿನ ಸುರುಳಿ, ಬಿಎನ್‌ಸಿ ಪಿನ್ನಿನ ಪೊಟ್ಟಣ. ಹುಡುಗ ಬಂದು ಒಂದೇ ದಿನದಲ್ಲಿ ಎಲ್ಲ ಬಿಗಿದ. ಟಿವಿಯಲ್ಲಿ ಎಂಟು ಚೌಕ ಮೂಡಿದವು. ‘ಪಿಕ್ಚರ್ ಆರಾ ನಾ ಸಾಬ್?’ ಅಂದ. ಪಿಕ್ಚರ್ ಬರುತ್ತಿತ್ತು. ದುಡ್ಡು ಕೊಟ್ಟೆವು.

ಏಳೆಂಟು ತಿಂಗಳ ಮೇಲೆ ಎರಡನೇ ಮಹಡಿಯ ಹುಡುಗನ ಗೇರ್ ಸೈಕಲ್ಲು ಹೋಯಿತು. ಎಲ್ಲರೂ ಟಿವಿಯ ಮುಂದೆ ಕೂತೆವು, ಕ್ರಿಕೆಟ್ ಫೈನಲ್ಲಿಗೆ ಕೂತ ಹಾಗೆ. ಸೈಕಲ್ಲು ಹೋದ ದಿನದ ದೃಶ್ಯವೇ ಇಲ್ಲ! ಹಾರ್ಡ್ ಡಿಸ್ಕು ಯಾವಾಗಲೋ ಕೈಕೊಟ್ಟಿತ್ತು. ಪಿಕ್ಚರ್ ಬರುತ್ತಲೇ ಇತ್ತು, ರೆಕಾರ್ಡ್ ಆಗುತ್ತಿರಲಿಲ್ಲ. ಅಂಗಡಿಗೆ ಹೋದರೆ, ಇದು ಕಂಪ್ಯೂಟರಿಗೆ ಹಾಕುವ ಡಿಸ್ಕು, ಹಗಲು ರಾತ್ರಿ ಬರೆಯುವ ಕೆಲಸಕ್ಕೆ ಬೇರೆ ಡಿಸ್ಕು ಬರುತ್ತದೆ, ನೀವೇ ಕಮ್ಮಿ ರೇಟು ಕೇಳಿದ್ದಿರಲ್ಲ ಅಂದರು. ನಾವು ಕೇಳಿದ್ದೂ ನಿಜವೇ.

ಹೊಸ ಡಿಸ್ಕು ಕೊಳ್ಳುವ ಮುಂಚೆ ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ. ಎರಡು ಮೆಗಾಪಿಕ್ಸೆಲಿನ ಕ್ಯಾಮೆರಾ, ಹೊಸ ರೀತಿಯಲ್ಲಿ ಚಿತ್ರವನ್ನು ಅದುಮಿ ಕಳಿಸಿದರೂ, ಸೆಕೆಂಡಿಗೆ ಸುಮಾರು ಎರಡು ಮೆಗಾಬಿಟ್ ತಿನ್ನುತ್ತದೆ. ದಿನಕ್ಕೆ 21.6 ಗಿಗಾಬೈಟ್. ಎಂಟು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 173. ಮೂವತ್ತು ದಿನಕ್ಕೆ ಐದು ಟೆರಾಬೈಟಿಗೂ ಮೇಲೆ. ನಮ್ಮಲ್ಲಿದ್ದದ್ದು ಎರಡು ಟೆರಾಬೈಟಿನ ಡಿಸ್ಕು. ಅದು ಕೆಡದೆ ಇದ್ದಿದ್ದರೂ ಹನ್ನೊಂದು ಹನ್ನೆರಡನೇ ದಿನಕ್ಕೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆಯುತ್ತಿತ್ತು. ಕಾನೂನು ಕೇಳುವುದು ಮೂವತ್ತು ದಿನ. ನಮ್ಮ ಊರಿನ ಎಷ್ಟು ಅಂಗಡಿಗಳಲ್ಲಿ ಈ ಗುಣಾಕಾರ ಮಾಡಿ ಡಿಸ್ಕು ಕೊಂಡಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಇನ್ನೊಂದು ಶತ್ರು ಜೇಡ. ನಗಬೇಡಿ. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾದ ಸುತ್ತ ಇನ್‌ಫ್ರಾರೆಡ್ ದೀಪಗಳಿರುತ್ತವೆ. ನಮ್ಮ ಕಣ್ಣಿಗೆ ಹೆಚ್ಚೆಂದರೆ ಮಸುಕು ಕೆಂಪು ಚುಕ್ಕೆ. ಬೆಚ್ಚಗಿನ ಆ ಮೂಲೆಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಮಸೂರದ ಎದುರಿಗೇ ಬಲೆ ಕಟ್ಟುತ್ತದೆ. ಹಗಲಲ್ಲಿ ಏನೂ ಗೊತ್ತಾಗುವುದಿಲ್ಲ. ರಾತ್ರಿ ಆ ಒಂದು ಎಳೆ ದೀಪದ ಬೆಳಕಿಗೆ ಹೊಳೆದು ಪರದೆಯ ಮೇಲೆ ಹಗ್ಗದಷ್ಟು ದಪ್ಪ, ಬೆಳ್ಳಗೆ ಕಾಣುತ್ತದೆ, ಹಿಂದಿನದೆಲ್ಲ ಮಂಜು. ಗಾಳಿಗೆ ಎಳೆ ಅಲುಗಿದರೆ ಸಾಕು, ಚಲನೆ ಕಂಡಿತೆಂದು ಯಂತ್ರ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ನನಗೆ ಒಂದು ರಾತ್ರಿ ನಲವತ್ತು ಎಚ್ಚರಿಕೆ ಬಂದವು, ಎಲ್ಲ ಒಂದೇ ಜೇಡದ್ದು. ಈ ಉದ್ಯಮದ ಯಾವ ಮೇಳಕ್ಕೆ ಹೋದರೂ ಕೃತಕ ಬುದ್ಧಿಮತ್ತೆಯ ಮಳಿಗೆ ಇರುತ್ತದೆ. ಪೊರಕೆಯ ಮಳಿಗೆ ಇರುವುದಿಲ್ಲ.

ನನಗೆ ಇಲ್ಲಿ ಕಾಣುವ ಮೊದಲ ಪ್ರವೃತ್ತಿ ಇದೇ: ಹಾಕಿಸುವುದಕ್ಕೆ ದುಡ್ಡಿದೆ, ನೋಡಿಕೊಳ್ಳುವುದಕ್ಕೆ ಇಲ್ಲ. ದೇಣಿಗೆಯ ಕ್ಯಾಮೆರಾಕ್ಕೆ ರಿಬ್ಬನ್ ಕತ್ತರಿಸುತ್ತಾರೆ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಎಂದ ಕೂಡಲೇ ಎಲ್ಲರೂ ಗಡಿಯಾರ ನೋಡುತ್ತಾರೆ. ನಮ್ಮ ಓಣಿಯ ಮೂಲೆಯ ಕಂಬದಲ್ಲಿ ಒಂದು ಕ್ಯಾಮೆರಾ ವರ್ಷದಿಂದ ನೆಲ ನೋಡುತ್ತ ನೇತಾಡುತ್ತಿದೆ. ಲೆಕ್ಕದಲ್ಲಿ ಅದೂ ಒಂದು ಕಣ್ಣೇ.

ಕಸುಬಿನ ಒಳಗೆ ಇನ್ನೂ ದೊಡ್ಡ ಪಲ್ಲಟವಾಗಿದೆ. ಹಳೆಯ ಕ್ಯಾಮೆರಾ ಬರೀ ಕಳಿಸುತ್ತಿತ್ತು. 1942ರಲ್ಲಿ ಜರ್ಮನರು ರಾಕೆಟ್ ಹಾರಿಸುವುದನ್ನು ದೂರ ಕೂತು ನೋಡಲು ಹಾಕಿಕೊಂಡ ಕ್ಯಾಮೆರಾದಿಂದ ಹಿಡಿದು ದೃಶ್ಯ ದಾಖಲಿಸುವ ನಮ್ಮ ಡಿವಿಆರ್ ಪೆಟ್ಟಿಗೆಯವರೆಗೆ ಕತೆ ಒಂದೇ: ತಂತಿಯ ಈ ತುದಿಯಲ್ಲಿ ಗಾಜು, ಆ ತುದಿಯಲ್ಲಿ ಮನುಷ್ಯ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಅವರ ಕೇರಿಗೆ ಪೊಲೀಸರು ಬರುವುದು ತಡವಾಗುತ್ತಿತ್ತು. ಬಾಗಿಲ ಹೊರಗೆ ಯಾರಿದ್ದಾರೆಂದು ಒಳಗಿಂದಲೇ ನೋಡುವ ಕ್ಯಾಮೆರಾ ಕಟ್ಟಿ 1966ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಅಲ್ಲೂ ನೋಡುವುದು, ತೀರ್ಮಾನಿಸುವುದು ಮನೆಯ ಯಜಮಾನಿಯೇ. ಈಗಿನ ಕ್ಯಾಮೆರಾದೊಳಗೇ ಒಂದು ಪುಟ್ಟ ಕಂಪ್ಯೂಟರಿದೆ. ಅದು ಹೆಲ್ಮೆಟ್ ಇಲ್ಲದ ತಲೆ ಎಣಿಸುತ್ತದೆ, ನಂಬರ್ ಪ್ಲೇಟ್ ಓದುತ್ತದೆ, ಕೆಂಪು ಅಂಗಿಯವನನ್ನು ಹುಡುಕೆಂದರೆ ಹುಡುಕುತ್ತದೆ. ಲಕ್ಷ ದೃಶ್ಯ ನೋಡಲು ಎಷ್ಟು ಜನ ಬೇಕು ಎಂದು ಕೇಳಿದೆನಲ್ಲ, ಉದ್ಯಮದ ಉತ್ತರ ಇದು: ಜನ ಬೇಡ, ಯಂತ್ರವೇ ನೋಡುತ್ತದೆ, ಅನುಮಾನ ಬಂದರೆ ಕರೆಯುತ್ತದೆ. ಪೆಟ್ಟಿಗೆಯ ಬೆಲೆ ಇಳಿದಿದೆ. ಲಾಭ ಈಗ ಆ ಬುದ್ಧಿಯ ವಾರ್ಷಿಕ ಲೈಸೆನ್ಸಿನಲ್ಲಿದೆ.

ಮನುಷ್ಯನೂ ಸುಮ್ಮನೆ ಕೂತಿಲ್ಲ. ನಮ್ಮ ಊರಿನ ಸಿಗ್ನಲ್ಲಿನಲ್ಲಿ ನಿಂತು ನೋಡಿ: ಪೊಲೀಸರ ಕೈಯಲ್ಲಿ ಕ್ಯಾಮೆರಾ ಕಂಡ ಕೂಡಲೇ ಬೈಕಿನ ಹಿಂದೆ ಕೂತವನು ಕೈ ಹಿಂದೆ ಚಾಚಿ, ಬೆನ್ನು ತುರಿಸಿಕೊಳ್ಳುವವನಂತೆ ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ಮುಚ್ಚುತ್ತಾನೆ. ಕೊರೊನಾ ಮುಗಿದರೂ ಮಾಸ್ಕು ಬಿಡದ ಪ್ಲೇಟುಗಳು ಹೈದರಾಬಾದಿನಲ್ಲಿ ಬೇಕಾದಷ್ಟಿವೆ.

ಕ್ಯಾಮೆರಾದೊಳಗಿನ ಆ ಪುಟ್ಟ ಕಂಪ್ಯೂಟರ್ ಯಾರದು ಎನ್ನುವುದು ಮುಂದಿನ ಪ್ರಶ್ನೆ. ಬಹಳ ವರ್ಷ ಜಗತ್ತಿನ ಕ್ಯಾಮೆರಾ ಎಂದರೆ ಚೀನಾದ ಹಿಕ್‌ವಿಷನ್, ದಾಹುವಾ. ಮೇಲಿನ ಹೆಸರು ಯಾವುದಿದ್ದರೂ ಬಿಚ್ಚಿದರೆ ಒಳಗಿನ ಚಿಪ್ಪು ಎಷ್ಟೋ ಸಲ ಹುವಾವೆಯ ಮನೆತನದ ಹೈಸಿಲಿಕಾನ್. 2019ರಲ್ಲಿ ಅಮೆರಿಕ ಹಿಕ್‌ವಿಷನ್, ದಾಹುವಾ ಎರಡನ್ನೂ ವ್ಯಾಪಾರದ ಕಪ್ಪುಪಟ್ಟಿಗೆ ಸೇರಿಸಿತು. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ನಿಯಮ ಬಿಗಿಯಾಯಿತು: ಯಾವುದೇ ಸಿಸಿ ಕ್ಯಾಮೆರಾ ಮಾರಬೇಕಾದರೆ ಅದರ ಯಂತ್ರಾಂಶ, ತಂತ್ರಾಂಶ, ಮೂಲ ಕೋಡ್ ಎಲ್ಲ ಸರ್ಕಾರ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಪಡಬೇಕು. ದೇಶಿ ಕಂಪನಿಗಳಿಗೆ ಹಬ್ಬ; ಸಿಪಿ ಪ್ಲಸ್ ಕ್ಯಾಮೆರಾ ಈಗ ನಮ್ಮ ನೆರೆಯ ಕಡಪದಲ್ಲೇ ತಯಾರಾಗುತ್ತದೆ. ಇದು ಆಗಬೇಕಿದ್ದ ಕೆಲಸ. ಆದರೆ ಚೀನಾದವನು ನೋಡಬಾರದು ಎಂದು ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದ ಹಾಗೆ ನಮ್ಮ ಪಾಸ್‌ವರ್ಡುಗಳಿವೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಕಾರ್ಖಾನೆಯ ಪಾಸ್‌ವರ್ಡ್ ಹಾಕಿಯೇ ಒಳನುಗ್ಗಿ ವಶಮಾಡಿಕೊಂಡಿತು. ಅವುಗಳನ್ನೇ ಸೈನ್ಯ ಮಾಡಿಕೊಂಡು ಆ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನು ಕೆಡವಿದರು. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಒಳಕೋಣೆಯ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದದ್ದು ಬಯಲಾಯಿತು. ಕೋಠಿಯಿಂದ ಬಸ್ ನಿಲ್ದಾಣದವರೆಗಿನ ಕ್ಯಾಮೆರಾಗಳು ಮಗುವಿನ ದಾರಿ ತೋರಿಸಿದವು, ರಾಜ್‌ಕೋಟ್‌ನದು ತಾಯಂದಿರನ್ನೇ ಬೀದಿಗೆ ತಂದಿತು. ವಸ್ತು ಒಂದೇ. ಎಲ್ಲಿ ತೂಗುಹಾಕಿದರು, ಬೀಗ ಯಾರು ನೋಡಿಕೊಂಡರು ಎಂಬುದರಲ್ಲಿ ವ್ಯತ್ಯಾಸ.

ಈಗ ಮುಖದ ಮಾತು. ತೆಲಂಗಾಣ ಪೊಲೀಸರ ಟಿಎಸ್‌ಕಾಪ್ ಆ್ಯಪಿಗೆ 2018ರಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿತು. 2019ರ ಜುಲೈನಲ್ಲಿ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಮುಖವೇ ಪಾಸ್ ಆಗುವ ಪ್ರಯೋಗ ನಡೆಯಿತು. 2020ರ ಜನವರಿಯಲ್ಲಿ ಕೊಂಪಲ್ಲಿ ಪುರಸಭೆಯ ಹತ್ತು ಮತಗಟ್ಟೆಗಳಲ್ಲಿ ಮತದಾರರ ಮುಖವನ್ನೂ ಯಂತ್ರ ನೋಡಿತು. ಒಂದರ ಹಿಂದೆ ಒಂದು, ಸದ್ದಿಲ್ಲದೆ.

ಯಂತ್ರ ಮುಖವನ್ನು ನಾವು ನೋಡುವ ಹಾಗೆ ನೋಡುವುದಿಲ್ಲ. ಮುಖವನ್ನು ಅಂಕಿಗಳ ಒಂದು ಸರ ಮಾಡಿಕೊಳ್ಳುತ್ತದೆ, ತನ್ನಲ್ಲಿರುವ ಸರಗಳ ಜತೆ ಹೋಲಿಸುತ್ತದೆ, ‘ಇಷ್ಟು ಪಾಲು ಹೋಲುತ್ತದೆ’ ಎನ್ನುತ್ತದೆ. ಎಷ್ಟು ಹೋಲಿದರೆ ‘ಅವನೇ ಇವನು’ ಎನ್ನಬೇಕು ಎಂಬ ಗೆರೆ ಎಳೆಯುವವನು ಮನುಷ್ಯ. ಒಂದು ಲೆಕ್ಕ ಮಾಡೋಣ, ಊಹೆಯ ಲೆಕ್ಕವೇ. ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುವ ಯಂತ್ರ ಎಂದಿಟ್ಟುಕೊಳ್ಳಿ. ಅದನ್ನು ದಿನಕ್ಕೆ ಲಕ್ಷ ಜನ ಓಡಾಡುವ ಬಸ್ ನಿಲ್ದಾಣದಲ್ಲಿ ಹಾಕಿ. ಆ ಲಕ್ಷದಲ್ಲಿ ನಿಜವಾಗಿ ಬೇಕಾದವರು ಐದು ಜನ. ಐವರನ್ನೂ ಅದು ಹಿಡಿದುಕೊಟ್ಟಿತು. ಜತೆಗೆ ಯಾವ ತಪ್ಪೂ ಮಾಡದ ನೂರು ಜನರನ್ನೂ ತೋರಿಸಿತು. ನೂರೈದು ಸಲ ಗಂಟೆ ಬಾರಿಸಿದರೆ ನೂರು ಸಲ ಸುಳ್ಳು. ನೂರರಲ್ಲಿ ಒಬ್ಬರು ಬೀದರ್ ಬಸ್ಸಿಗೆ ಕಾಯುತ್ತಿರುವ ನಿಮ್ಮ ಸೋದರಮಾವ. ಯಂತ್ರ ಇಷ್ಟು ಒಳ್ಳೆಯದಿದ್ದಾಗ ಈ ಮಾತು. 2018ರಲ್ಲಿ ದಿಲ್ಲಿ ಪೊಲೀಸರು ಕಾಣೆಯಾದ ಮಕ್ಕಳ ವಿಚಾರದಲ್ಲಿ ಹೈಕೋರ್ಟಿನ ಮುಂದೆ ಒಪ್ಪಿಕೊಂಡ ತಮ್ಮ ಯಂತ್ರದ ನಿಖರತೆ ನೂರಕ್ಕೆ 2.

2021ರ ಮೇ ತಿಂಗಳು, ಲಾಕ್‌ಡೌನ್. ಹಳೆ ಊರಿನ ಶಹರಾನ್ ಮಾರ್ಕೆಟ್ ಬಳಿ ಎಸ್.ಕ್ಯೂ. ಮಸೂದ್ ಎಂಬ ಸಾಮಾಜಿಕ ಕಾರ್ಯಕರ್ತರನ್ನು ಪೊಲೀಸರು ತಡೆದು ಮಾಸ್ಕ್ ತೆಗೆಯಿರಿ ಅಂದರು. ಸೋಂಕಿನ ಕಾಲದಲ್ಲಿ ಮಾಸ್ಕ್ ಹಾಕದವರಿಗೆ ದಂಡ ಕಟ್ಟಿಸುತ್ತಿದ್ದ ಪೊಲೀಸರು! ಮಸೂದ್ ತೆಗೆಯಲಿಲ್ಲ, ಆದರೂ ಪೊಲೀಸರು ಫೋಟೊ ತೆಗೆದರು. ಯಾತಕ್ಕೆ, ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ ಹಿಡಿದು ಮಸೂದ್ ಹೈಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಸರ್ಕಾರಕ್ಕೆ ನೋಟಿಸ್ ಹೋಯಿತು. ಆ ಹೊತ್ತಿಗೆ ಆಮ್ನೆಸ್ಟಿ ಮತ್ತು ಜತೆಗಾರ ಸಂಸ್ಥೆಗಳು ಕಾಲಾಪಥರ್, ಕಿಷನ್‌ಬಾಗ್ ಎಂಬ ಎರಡು ಕೇರಿಗಳನ್ನು ನಡೆದು ಅಳೆದಿದ್ದವು: ಮೊದಲನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು, ಎರಡನೆಯದರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಜಾಗ ಕ್ಯಾಮೆರಾದ ಕಣ್ಣಳತೆಯಲ್ಲಿ. ಪರದೆ, ಚಿಲ್ಮನ್ನು, ಕಿಟಕಿಯ ಜಾಲಂಧ್ರ, ಹೊರಗಿನವರ ಕಣ್ಣು ಒಳಗೆ ಬೀಳಬಾರದೆಂದು ಇಷ್ಟೆಲ್ಲ ಉಪಾಯ ಮಾಡಿಕೊಂಡಿದ್ದ ಊರು ಇದು.

ತಪ್ಪಾಗಿ ಗುರುತಿಸಲು ಯಂತ್ರವೇ ಬೇಕೆಂದಿಲ್ಲ, ಬರಿಗಣ್ಣಿನ ಹೋಲಿಕೆಯೂ ಸಾಕು. 2023ರ ಜನವರಿ ಕೊನೆಗೆ ಮೆದಕ್‌ನ ಒಬ್ಬ ದಿನಗೂಲಿ ಕಾರ್ಮಿಕನನ್ನು ಪೊಲೀಸರು ಹಿಡಿದೊಯ್ದರು. ಸಿಸಿ ಕ್ಯಾಮೆರಾದಲ್ಲಿ ಕಂಡ ಸರಗಳ್ಳನ ಹಾಗೆ ಕಾಣುತ್ತಾನೆ ಎಂಬ ಅನುಮಾನ. ಆಮೇಲೆ ಬಿಟ್ಟುಬಿಟ್ಟರು. ಠಾಣೆಯಲ್ಲಿ ಹೊಡೆದರೆಂದು ಆತ ಆಸ್ಪತ್ರೆಯ ಹಾಸಿಗೆಯಿಂದ ಮೊಬೈಲ್ ವಿಡಿಯೊದಲ್ಲಿ ಹೇಳಿದ. ಫೆಬ್ರುವರಿ ನಡುವಿನಲ್ಲಿ ಇಲ್ಲೇ ಗಾಂಧಿ ಆಸ್ಪತ್ರೆಯಲ್ಲಿ ತೀರಿಕೊಂಡ. ಹೈಕೋರ್ಟು ತಾನಾಗಿ ಪ್ರಕರಣ ಎತ್ತಿಕೊಂಡಿತು. ಬೀದಿಯ ಕ್ಯಾಮೆರಾ ಅವನ ಮೇಲೆ ಅನುಮಾನ ತಂದಿತು. ಠಾಣೆಯೊಳಗಿನ ಕ್ಯಾಮೆರಾ ಏನು ಕಂಡಿತು? ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತ್ತು: ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆ, ಎಲ್ಲೆಡೆ ಧ್ವನಿಯೂ ದಾಖಲಾಗುವ, ಕತ್ತಲಲ್ಲೂ ಕಾಣುವ ಕ್ಯಾಮೆರಾ ಇರಬೇಕು, ದೃಶ್ಯ ಹದಿನೆಂಟು ತಿಂಗಳು, ಕಡೇಪಕ್ಷ ಒಂದು ವರ್ಷ ಉಳಿಯಬೇಕು. 2025ರ ಸೆಪ್ಟೆಂಬರಿನಲ್ಲೂ ಅದೇ ನ್ಯಾಯಾಲಯ, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂಬ ಪತ್ರಿಕಾ ವರದಿ ಓದಿ, ಮತ್ತೆ ತಾನಾಗಿ ವಿಚಾರಣೆಗೆ ಕೂರಬೇಕಾಯಿತು. ಅಂಗಡಿಯವನ ಡಿಸ್ಕು ಕೆಟ್ಟರೆ ಕಾಯ್ದೆ ಇದೆ. ಠಾಣೆಯದು ಕೆಟ್ಟರೆ?

ನಮ್ಮ ಬೆಂಗಳೂರಿನದೂ ಒಂದು ಮಾತು. 2013ರ ನವೆಂಬರ್ 19ರ ಬೆಳಿಗ್ಗೆ ಅಲ್ಲಿನ ಎಟಿಎಂ ಒಂದರಲ್ಲಿ ಮಹಿಳೆಯ ಮೇಲೆ ಮಚ್ಚು ಬೀಸಿದವನ ಮುಖವನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಅಷ್ಟು ಸ್ಪಷ್ಟವಾದ ಮುಖ! ಆದರೂ ಅವನು ಚಿತ್ತೂರು ಜಿಲ್ಲೆಯಲ್ಲಿ ಸಿಕ್ಕಿದ್ದು 2017ರಲ್ಲಿ. ಬೆಂಗಳೂರಿಗೂ ಈಗ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆ ಬಂದಿದೆ, ಸಾವಿರಾರು ಕ್ಯಾಮೆರಾ, ದೊಡ್ಡ ಕಮಾಂಡ್ ಕೇಂದ್ರ, 2023ರಿಂದ. ನಮ್ಮ ಊರು ಹೋದ ದಾರಿಯಲ್ಲೇ ಅವರೂ ಹೋಗುತ್ತಿದ್ದಾರೆ, ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಹೆಚ್ಚಿನ ದುಡ್ಡು ಸರ್ಕಾರದ್ದು. ಇಲ್ಲಿ ಬಹುಪಾಲು ನಮ್ಮದು, ಚಂದಾ ಎತ್ತಿದ್ದು. ಗಣೇಶನ ಚಂದಾ ಎತ್ತಿದರೆ ವಿಸರ್ಜನೆಯ ಮಾರನೆಯ ದಿನ ಲಡ್ಡು ಹರಾಜಿನ ದುಡ್ಡೂ ಸೇರಿ ಪೈಸೆ ಪೈಸೆ ಲೆಕ್ಕ ಕೇಳುತ್ತೇವೆ. ಕ್ಯಾಮೆರಾಕ್ಕೆ ಕೊಟ್ಟವರು ಯಾರೂ ಕೇಳಲಿಲ್ಲ: ಎಷ್ಟು ನಡೆಯುತ್ತಿವೆ, ಯಾರು ನೋಡಿದರು, ಎಷ್ಟು ದಿನ ಇಟ್ಟರು. ‘ನಾನು ಕೂಡ’ ಎಂದವನಿಗೆ ಕೇಳುವ ಹಕ್ಕೂ ಕೂಡ ಇರಬೇಕಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಿಂದೆ ಆಂಧ್ರ ಪ್ರದೇಶದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು, ಎಂದರೆ ನಮ್ಮ ಈ ಊರಿಗೆ ಹೊಸಬರಲ್ಲ. ಎಂಬತ್ತಾರನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಿಡಿದು ದಿಲ್ಲಿಯ ಮೆಟ್ಟಿಲು ಹತ್ತಿದರು. 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪ್ರಕರಣದ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯ್ದೆ ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಲ್ಲದು. ಸರ್ಕಾರ ತನ್ನ ಯಾವುದೇ ಸಂಸ್ಥೆಗೆ ಭದ್ರತೆ, ಸಾರ್ವಜನಿಕ ವ್ಯವಸ್ಥೆಯ ಹೆಸರಲ್ಲಿ ವಿನಾಯಿತಿ ಕೊಡಲೂ ಅದರಲ್ಲೇ ಬಾಗಿಲಿದೆ. ದತ್ತಿ ಎಂದರೆ ಕೊಟ್ಟದ್ದು. ದತ್ತಾಂಶ ಎಂದರೂ ಕೊಟ್ಟ ಅಂಶವೇ. ನಾವು ಯಾವಾಗ ಕೊಟ್ಟೆವೋ ನೆನಪಿಲ್ಲ.

ಕೊನೆಗೆ ನಮ್ಮ ಸೆಲ್ಲಾರು. ನಮ್ಮ ವಾಚ್‌ಮನ್ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದವನು. ರಾಯಚೂರಿನ ಮಗ್ಗುಲಿಗೇ ಇರುವ ಸೀಮೆ, ಮನೆ ಮಾತು ಕನ್ನಡ. ಗಂಡ ಹೆಂಡತಿ, ಎರಡು ಮಕ್ಕಳು ಸೆಲ್ಲಾರಿನ ಒಂದು ಕೋಣೆಯಲ್ಲಿ. ಹೊಸ ಡಿಸ್ಕು ಹಾಕಿಸಿದ ಮೇಲೆ ಒಂದು ದಿನ ಆಕೆ ನನ್ನ ಬಾಗಿಲಿಗೆ ಬಂದು, ಒಳಗೆ ಬಾರದೆ, ಸೆರಗಿನ ತುದಿ ಹಿಡಿದುಕೊಂಡು ನಿಂತಳು.

‘ಸರ, ಆ ಮೂರನೇ ಕ್ಯಾಮರಾ ಒಂಚೂರು ಆ ಕಡಿ ತಿರುಗಸ್ತೀರೇನ್ರಿ? ನಳಾ ಅಲ್ಲೇ ಐತ್ರಿ. ಹುಡುಗ್ರ ಜಳಕಾ ಅಲ್ಲೇ ಆಗ್ತೈತ್ರಿ, ನನ್ನ ಅರಿಬಿ ಒಗ್ಯೂದೂ ಅಲ್ಲೇ. ಮ್ಯಾಲಿನ ಅಕ್ಕಾರ ಫೋನಿನ್ಯಾಗ ಎಲ್ಲಾ ಕಾಣ್ತೈತಂತಲ್ರಿ.’

ನಿಜ. ಹದಿನಾರು ಮನೆಯ ಫೋನಿನಲ್ಲಿ ಆ ನಲ್ಲಿ ಕಾಣುತ್ತಿತ್ತು. ಕಳ್ಳನನ್ನು ಹಿಡಿಯಲೆಂದು ಹಾಕಿದ ಮೂರು ಕಣ್ಣು ಹಗಲೂ ರಾತ್ರಿ ನೋಡುತ್ತಿದ್ದದ್ದು ಆ ಒಂದು ಸಂಸಾರವನ್ನು. ನಾನೇ ನಿಂತು ಜಾಗ ತೋರಿಸಿ ಹಾಕಿಸಿದ ಕ್ಯಾಮೆರಾ. ಆಗ ನಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸಭೆ ಕರೆದೆವು. ಜಗಳ ಚೆನ್ನಾಗಿಯೇ ಆಯಿತು. ‘ಆ ಮೂಲೆಯಲ್ಲೇ ಸೈಕಲ್ಲು ಹೋದದ್ದು’ ಎಂದು ಎರಡನೇ ಮಹಡಿಯವರು ಇನ್ನೂ ಮುನಿಸು ಬಿಟ್ಟಿಲ್ಲ. ಕೊನೆಗೆ ಕ್ಯಾಮೆರಾ ಗೇಟಿನ ಕಡೆ ತಿರುಗಿತು. ಫೋನುಗಳಿಂದ ದೃಶ್ಯ ತೆಗೆಸಿದೆವು. ಪಾಸ್‌ವರ್ಡ್ ಇಬ್ಬರ ಹತ್ತಿರ. ಒಂದು ಉದ್ದನೆಯ ರಿಜಿಸ್ಟರ್ ತಂದು ಗೆರೆ ಎಳೆದೆ: ತಾರೀಖು, ಯಾವ ದೃಶ್ಯ ನೋಡಿದ್ದು, ಯಾಕೆ, ಯಾರು, ಸಹಿ. ಮೊದಲ ಸಹಿ ನನ್ನ ಮನೆಯಾಕೆಯದು. ಹಾಲಿನ ಪ್ಯಾಕೆಟ್ ಒಂದು ಕಮ್ಮಿ ಬಂದಿತ್ತು, ಬೆಕ್ಕು ಎಂದು ತೀರ್ಮಾನವಾಯಿತು. ಎರಡನೆಯದು ಒಬ್ಬ ಕಾನ್‌ಸ್ಟೇಬಲ್‌ನದು. ಎದುರಿನ ರಸ್ತೆಯ ಅಪಘಾತದ ದೃಶ್ಯ ಕೇಳಿ ಬಂದಿದ್ದ. ಪುಸ್ತಕ ಮುಂದಿಟ್ಟರೆ ನಕ್ಕು, ‘ಇದೇನು ಸಾರ್, ನಮ್ಮ ಠಾಣೆಯಲ್ಲೂ ಇಲ್ಲ’ ಎನ್ನುತ್ತಲೇ ತೆಲುಗಿನಲ್ಲಿ ಕಾರಣ ಬರೆದು, ಬೆಲ್ಟ್ ನಂಬರ್ ಹಾಕಿ ಸಹಿ ಮಾಡಿದ.

ಪುಸ್ತಕದ ಹಿಂದಿನ ಪುಟದಲ್ಲಿ ಇನ್ನೊಂದು ಪಟ್ಟಿ ಇದೆ, ಶನಿವಾರಕ್ಕೊಂದು ಗೆರೆ. ಮೇಲೆ ‘ಜೇಡ ತೆಗೆದದ್ದು’ ಎಂದು ಬರೆದಿದ್ದೇನೆ. ಹೋದ ಶನಿವಾರದ ಗೆರೆಗೆ ಇನ್ನೂ ಸಹಿ ಬಿದ್ದಿಲ್ಲ. ಮನೆಗೆ ಹೋದ ಕೂಡಲೇ ಕೇಳಬೇಕು.